ಕುಸಿದ ಕಂಬಕ್ಕೆ ಹೊಸ ಬುಡ



ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವುದು ನಮ್ಮ ಬಯಲುಸೀಮೆಯ ಹಳೆಯ ರೂಢಿ. ಆದರೆ ಆ ಭಾರವನ್ನು ಹೊತ್ತ ಕಂಬದ ಬುಡವನ್ನು ನೋಡುವವರು ಕಡಿಮೆ. ೧೦ ಅಡಿ ಉದ್ದ, ೧೦ ಅಡಿ ಅಗಲದ ಮಾಳಿಗೆಯ ಮೇಲೆ ೧ ಅಡಿ ದಪ್ಪ ಮಣ್ಣಿದ್ದರೆ ಅದರ ತೂಕ ೪ ಟನ್ನಿಗೂ ಮೀರುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಅದರ ಕೆಳಗೇ ನಾವು ಮಕ್ಕಳನ್ನು ಮಲಗಿಸುತ್ತೇವೆ.

ಕಂಬ ಕುಸಿದಿದೆಯೆಂದು ತಿಳಿಯುವುದು ಹೇಗೆ? ತೊಲೆ ಒಂದು ಕಡೆ ಬಾಗಿರುತ್ತದೆ. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಬೋದಿಗೆಗೂ ತೊಲೆಗೂ ನಡುವೆ ಸಂದು ಕಾಣುತ್ತದೆ. ಮಾಳಿಗೆಯ ಮೇಲೆ ಅದೇ ಜಾಗದಲ್ಲಿ ನೀರು ನಿಲ್ಲುತ್ತದೆ.

ಕೆಲವರು ಆ ಸಂದಿಗೆ ಕಲ್ಲುಚಕ್ಕೆ ತುರುಕಿ ಸುಮ್ಮನಾಗುತ್ತಾರೆ. ಇದು ಮದ್ದಲ್ಲ. ರೋಗ ಇರುವುದು ಬುಡದಲ್ಲಿ. ಬಚ್ಚಲ ನೀರು ಇಂಗುವುದು, ಇಲಿ ಬಿಲ ತೋಡುವುದು, ಕಂಬವನ್ನು ನೇರವಾಗಿ ಮಣ್ಣಿನಲ್ಲಿ ಹೂತಿರುವುದು, ಗೆದ್ದಲು ಹಿಡಿಯುವುದು, ಇವೇ ಕಾರಣಗಳು. ಉಳಿಯಿಂದ ಬುಡವನ್ನು ಚುಚ್ಚಿ ನೋಡಿರಿ. ಸುಲಭವಾಗಿ ಒಳಗೆ ಹೋದರೆ ಮರ ಲಡ್ಡಾಗಿದೆ ಎಂದು ತಿಳಿಯಿರಿ.

ದುರಸ್ತಿಯನ್ನು ಒಣ ತಿಂಗಳುಗಳಲ್ಲಿ, ಅನುಭವಿ ಬಡಗಿಯನ್ನು ಜೊತೆಗಿಟ್ಟುಕೊಂಡು ಮಾಡಿಸಿರಿ. ಮೊದಲು ಬಚ್ಚಲ ನೀರನ್ನು ಬೇರೆ ಕಡೆಗೆ ತಿರುಗಿಸಿರಿ. ಅಟ್ಟದ ಮೂಟೆಗಳನ್ನು ಇಳಿಸಿರಿ. ಕೆಲಸ ಮುಗಿಯುವವರೆಗೆ ಆ ಅಂಕಣದಲ್ಲಿ ಯಾರೂ ಮಲಗಬಾರದು, ದನವನ್ನೂ ಕಟ್ಟಬಾರದು.

ಕಂಬದ ಎರಡೂ ಪಕ್ಕದಲ್ಲಿ ಸುಮಾರು ೩ ಅಡಿ ದೂರಕ್ಕೆ ತೊಲೆಯ ಕೆಳಗೆ ಗಟ್ಟಿಯಾದ ಆಸರೆಕಂಬ ನಿಲ್ಲಿಸಿರಿ. ಒಂದೊಂದರ ಅಡಿಯಲ್ಲೂ ೨ ಅಡಿಯ ದಪ್ಪ ಹಲಗೆ ಇರಲಿ. ಎದುರುಬದುರಾಗಿ ಎರಡು ಬೆಣೆ ಹೊಡೆದು ಬಿಗಿಮಾಡಿರಿ. ಭಾರವೆಲ್ಲ ಆಸರೆಗೆ ಬಂದ ಮೇಲೆಯೇ ಹಳೆಯ ಕಂಬವನ್ನು ಮುಟ್ಟಬೇಕು. ಈ ಒಂದು ಮಾತನ್ನು ಮರೆತರೆ ಪ್ರಾಣಕ್ಕೇ ಅಪಾಯ. ತೊಲೆಯನ್ನು ಒಂದೇ ದಿನದಲ್ಲಿ ಎತ್ತಲು ಹೋಗಬೇಡಿರಿ. ದಿನಕ್ಕೆ ಅಂಗುಲದ ಎಂಟನೆಯ ಒಂದು ಭಾಗ ಸಾಕು. ಅವಸರ ಮಾಡಿದರೆ ಗೋಡೆ ಬಿರಿಯುತ್ತದೆ.

ಒಂದು ಸಲಕ್ಕೆ ಒಂದೇ ಕಂಬ. ಅದನ್ನು ತೆಗೆದು, ೨ ಅಡಿ ಚೌಕದ ಗುಂಡಿಯನ್ನು ಗಟ್ಟಿ ನೆಲ ಸಿಗುವವರೆಗೆ ತೋಡಿ, ತಳವನ್ನು ದಿಮ್ಮಸು ಹಾಕಿರಿ. ಸಿಮೆಂಟು ೧, ಮರಳು ೨, ಜಲ್ಲಿ ೪ ಪಾಲಿನ ಕಾಂಕ್ರೀಟನ್ನು ೧ ಅಡಿ ದಪ್ಪ ಹಾಕಿ, ಎರಡು ವಾರ ನೀರುಣಿಸಿರಿ. ಅದರ ಮೇಲೆ ಕಲ್ಲುಕಟ್ಟಡ, ಅದರ ಮೇಲೆ ನೆಲದಿಂದ ೬ ಅಂಗುಲವಾದರೂ ಎತ್ತರವಿರುವ ಪೀಠದ ಕಲ್ಲು ಕೂಡಿಸಿರಿ. ಮರಕ್ಕೆ ಮಣ್ಣು ತಾಗದಿದ್ದರೆ ಗೆದ್ದಲು ಕಣ್ಣಿಗೆ ಬೀಳದೆ ಏರಲಾರದು.

ಎರೆಮಣ್ಣಿನ ನೆಲ ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಅಲ್ಲಿ ಪಾಯ ಎಷ್ಟು ಆಳ ಹೋಗಬೇಕೆಂದು ಇಂಜಿನಿಯರರನ್ನು ಕೇಳಿರಿ.

ಇಡೀ ಕಂಬವನ್ನು ಬಿಸಾಡಬೇಕಾಗಿಲ್ಲ. ಬುಡ ಮಾತ್ರ ಕೆಟ್ಟಿದ್ದರೆ ಅಷ್ಟನ್ನು ಕೊಯ್ದು, ಪೀಠದ ಕಲ್ಲನ್ನು ಅಷ್ಟೇ ಎತ್ತರಿಸಿದರೆ ಅಜ್ಜನ ಕಾಲದ ತೇಗದ ಕಂಬವೇ ಮತ್ತೆ ನಿಲ್ಲುತ್ತದೆ. ಕಂಬ ಜಾರದಂತೆ ಕಲ್ಲಿಗೂ ಮರಕ್ಕೂ ನಡುವೆ ಕಬ್ಬಿಣದ ಗೂಟ ಇರಲಿ. ತೂಗುಗುಂಡು ಬಿಟ್ಟು ನೆಟ್ಟಗಿದೆಯೇ ನೋಡಿ, ಬೆಣೆಗಳನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿರಿ.

ಹಿಂದೆ ಗೆದ್ದಲಿಗೆ ಬಳಸುತ್ತಿದ್ದ ಆಲ್ಡ್ರಿನ್ ಈಗ ನಮ್ಮ ದೇಶದಲ್ಲಿ ನಿಷಿದ್ಧ. ಹಳೆಯ ಡಬ್ಬಿ ಅಟ್ಟದಲ್ಲಿ ಸಿಕ್ಕರೂ ಬಳಸಬೇಡಿರಿ.

ಈ ಸಲ ಮಾಳಿಗೆಗೆ ಮಣ್ಣು ಹೊರುವ ಮುನ್ನ, ದೀಪ ಹಿಡಿದು ಪ್ರತಿಯೊಂದು ಕಂಬದ ಬುಡವನ್ನೂ ಒಮ್ಮೆ ನೋಡಿರಿ.