ನಮ್ಮತ್ತೆ ಹೆಸರಿಟ್ಟ ಓಟ್ಸ್ ಗಿಣ್ಣ

ಕಳೆದ ಶ್ರಾವಣದ ಒಂದು ಮುಂಜಾನೆ ಆಕಳಿಗೆ ನೀರಿಡಲು ಹಿತ್ತಲಿಗೆ ಹೋದಾಗ ಗ್ವಾದಲಿಯಲ್ಲಿ ರೊಟ್ಟಿಯ ಚೂರುಗಳು ಕಂಡವು. ಒಂದೆರಡಲ್ಲ, ಬೊಗಸೆ ತುಂಬ ಇದ್ದವು. ಅವುಗಳ ಮೇಲೆ ಬದನೆಕಾಯಿ ಪಲ್ಯ ಹತ್ತಿತ್ತು. ಅರ್ಧ ತಾಸಿನ ಹಿಂದೆ ನಾನೇ ನಮ್ಮತ್ತೆಯ ತಾಟಿಗೆ ಬಡಿಸಿದ್ದ ರೊಟ್ಟಿ ಅದು. "ನಂದು ನಾಷ್ಟಾ ಆತವ್ವ" ಅಂತ ಖಾಲಿ ತಾಟು ತಂದಿಟ್ಟು ಅವರು ಪಡಸಾಲೆಯಲ್ಲಿ ಹೋಗಿ ಕೂತಿದ್ದರು.

ನಮ್ಮದು ಬಸವನ ಬಾಗೇವಾಡಿ ಹತ್ತಿರದ ಹಳ್ಳಿ. ಬಿಳಿಜೋಳದ ರೊಟ್ಟಿ ಇಲ್ಲದ ದಿನ ನಮ್ಮಲ್ಲಿ ಊಟವೇ ಅಲ್ಲ. ಅತ್ತೆಗೆ ಎಪ್ಪತ್ತನಾಲ್ಕು ವರ್ಷ. ಆ ಬೇಸಿಗೆಯಲ್ಲಿ ಉಳಿದಿದ್ದ ಹಲ್ಲುಗಳನ್ನೂ ತೆಗೆಸಿ ಕಟ್ಟಿದ ಹಲ್ಲು ಹಾಕಿಸಿದ್ದೆವು. ಅದು ಒಸಡಿಗೆ ಒತ್ತುತ್ತಿತ್ತು. ನಮ್ಮ ಮುಂದೆ ಹಾಕಿಕೊಳ್ಳುತ್ತಿದ್ದರು, ನಾವು ಮರೆಯಾದ ಕೂಡಲೇ ತೆಗೆದು ಬಟ್ಟಲಲ್ಲಿ ಇಡುತ್ತಿದ್ದರು. ಕುಪ್ಪಸ ಸಡಿಲ ಆಗಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. "ವಯಸ್ಸಾತು, ಮೈ ಇಳೀತೈತಿ" ಅಂದಿದ್ದರು, ನಾನು ನಂಬಿದ್ದೆ. ಗ್ವಾದಲಿ ನೋಡಿದ ಮೇಲೆ ವಿಜಯಪುರಕ್ಕೆ ಕರೆದುಕೊಂಡು ಹೋಗಿ ತೂಕ ಮಾಡಿಸಿದೆವು. ಯುಗಾದಿ ಹೊತ್ತಿಗೆ ಇದ್ದದ್ದಕ್ಕಿಂತ ನಾಲ್ಕು ಕಿಲೋ ಕಡಿಮೆ.

ಮೆತ್ತಗಿನದು ಮಾಡಿಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಾಡಿಕೊಟ್ಟೆ. ಗಂಜಿ ಮಾಡಿದೆ, ಅಂಬಲಿ ಕಾಸಿದೆ, ಹಾಲಿನಲ್ಲಿ ರೊಟ್ಟಿ ಮುರಿದು ನೆನೆಸಿ ಕೊಟ್ಟೆ. ಬಟ್ಟಲು ಕಂಡ ಕೂಡಲೇ ಮುಖ ತಿರುಗಿಸುತ್ತಿದ್ದರು.

"ನಾ ಏನ್ ಬ್ಯಾನಿ ಬಿದ್ದೀನೇನು? ಮಂದಿ ಎಲ್ಲಾ ಒಂದು ತಿನ್ನೂದು, ನನಗಷ್ಟ ಬಟ್ಟಲದಾಗ ಕೂಸಿಗೆ ಕೊಟ್ಟಂಗ ಕೊಡ್ತಿ!"

ಆಗ ನನಗೆ ತಿಳಿಯಿತು. ಅವರಿಗೆ ಹಲ್ಲು ಹೋದದ್ದು ಅಷ್ಟು ದೊಡ್ಡ ದುಃಖವಲ್ಲ. ಪಂಕ್ತಿಯಿಂದ ತನ್ನನ್ನು ಎಬ್ಬಿಸಿದರು ಅನ್ನುವುದೇ ದುಃಖ. ಅವರಿಗೆ ಬೇರೆ ಅಡುಗೆ ಮಾಡುವ ಬದಲು ಮನೆಯವರೆಲ್ಲ ಒಂದೇ ಭಾಂಡೆಯಿಂದ ತಿನ್ನುವಂಥ, ಹಲ್ಲಿಲ್ಲದವರಿಗೂ ನಡೆಯುವಂಥ ನಾಷ್ಟಾ ಹುಡುಕಬೇಕಿತ್ತು.

ಪುಣೆಯಿಂದ ಬಂದ ಪೊಟ್ಟಣ

ಜಾತ್ರೆಗೆ ಬಂದಿದ್ದ ನಾದಿನಿ ಪುಣೆಯಿಂದ ಎರಡು ಪೊಟ್ಟಣ ಓಟ್ಸ್ ತಂದಿದ್ದಳು. ಅವಳ ಮನೆಯಲ್ಲಿ ರವಿವಾರ ಓಟ್ಸನ್ನು ಹಾಲು, ಹಣ್ಣು ಹಾಕಿ ಓವನ್‌ನಲ್ಲಿ ಬೇಯಿಸಿ ಬರ್ಫಿಯಂತೆ ಕೊಯ್ದು ತಿನ್ನುತ್ತಾರಂತೆ. ಅಮೆರಿಕದ ಪೆನ್ಸಿಲ್ವೇನಿಯಾ ಕಡೆಯ ಅಮಿಶ್ ಜನರ ಮನೆಗಳಲ್ಲಿ ಇದು ಬಹಳ ಬಳಕೆಯ ಮುಂಜಾನೆಯ ತಿನಿಸು. ಅವರೂ ಹೊಲ, ದನ ಕಟ್ಟಿಕೊಂಡು ಬದುಕುವ ಮಂದಿಯೇ. ಇದು ಗಂಜಿಯ ಹಾಗೆ ಬಟ್ಟಲಿನಲ್ಲಿ ಕೊಡುವ ತಿನಿಸಲ್ಲ. ತುಂಡು ಮಾಡಿ ತಾಟಿಗೆ ಹಾಕಬಹುದು. ನನಗೆ ಬೇಕಾದದ್ದು ಅದೇ ಆಗಿತ್ತು.

ಪೊಟ್ಟಣ ಬಿಚ್ಚಿದಾಗ ಅತ್ತೆ ಒಂದು ಚಿಟಿಕೆ ಕೈಯಲ್ಲಿ ತಗೊಂಡು ಮೂಸಿ ನೋಡಿದರು. "ಏನವ್ವಾ ಇದು, ದನಕ್ಕ ಹಾಕೋ ಹೊಟ್ಟಿನಂಗ ಕಾಣತೈತಿ" ಅಂದರು. ಅವರ ಮಾತು ಪೂರ್ತಿ ಸುಳ್ಳಲ್ಲ ನೋಡ್ರಿ. ಉತ್ತರ ಭಾರತದಲ್ಲಿ ಓಟ್ಸ್ ಬೆಳೆಯನ್ನು ಚಳಿಗಾಲದಲ್ಲಿ ದನಗಳ ಹಸಿರು ಮೇವಿಗಾಗಿ ಬೆಳೆಯುತ್ತಾರೆ. ತಂಪು ಹವೆಯ ಪೈರು ಅದು. ಕಾಳಿನ ಸಿಪ್ಪೆ ತೆಗೆದು, ಹಬೆಯಲ್ಲಿ ಮೆದು ಮಾಡಿ, ಉರುಳೆಗಳ ನಡುವೆ ಒತ್ತಿದರೆ ಅವಲಕ್ಕಿಯಂಥ ಪದರು ಸಿಗುತ್ತದೆ. "ಇದು ಅವಲಕ್ಕಿ ಇದ್ದಂಗ ರೀ ಅತ್ತಿ" ಅಂದೆ. "ಹಂಗಾರ ಅವಲಕ್ಕೀನ ಮಾಡು" ಅಂದರು!

ಕೆಟ್ಟ ಎರಡು ಸಲ

ನಮ್ಮ ಮನೆಯಲ್ಲಿ ಓವನ್ ಇಲ್ಲ. ಇನ್ನು ತತ್ತಿ ನಮ್ಮ ಮನೆಯೊಳಗೆ ಬರುವುದೇ ಇಲ್ಲ. ನಾದಿನಿ ಹೇಳಿದ ಅಡುಗೆಯಲ್ಲಿ ಎರಡು ತತ್ತಿ ಇದ್ದವು. ತತ್ತಿ ಬಿಟ್ಟು, ಉಳಿದದ್ದನ್ನು ಹಾಗೇ ಹಾಕಿ, ಹಳೇ ಕುಕ್ಕರಿನಲ್ಲಿ ಬೇಯಿಸಿದೆ. ಕೊಯ್ಯಲು ಹೋದರೆ ಉದುರಿ ಉಸುಕಾಯಿತು. ನನ್ನ ಮಗ ಚಮಚೆಯಿಂದ ತಿಂದ, ಅತ್ತೆ ಆ ಕಡೆ ನೋಡಲಿಲ್ಲ.

ಎರಡನೇ ಸಲ ಹಿತ್ತಲಿನ ಪಪ್ಪಾಯಿ ಹಣ್ಣು ಹಾಕಿದೆ. ಹೆಚ್ಚಿದ ಹಣ್ಣನ್ನು ಹಾಲಿನಲ್ಲಿ ಕಲಸಿ ಒಂದು ತಾಸು ಬಿಟ್ಟಿದ್ದೆ. ಬೆಂದ ಮೇಲೆ ಬಾಯಿಗಿಟ್ಟರೆ ಕಹಿ. ಪಪ್ಪಾಯಿಯಲ್ಲಿ ಪಪೈನ್ ಅನ್ನುವ ಕಿಣ್ವ ಇರುತ್ತದೆ, ಅದು ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಹಸಿ ಅನಾನಸಿನದೂ ಇದೇ ಗುಣ. ಹಾಲಿನ ಜತೆ ಈ ಎರಡು ಹಣ್ಣು ಬೇಡ. ಬೇಕೆನಿಸಿದರೆ ತಿನ್ನುವಾಗ ಮೇಲೆ ಇಟ್ಟುಕೊಳ್ಳಬಹುದು.

ಆವತ್ತು ಒಲೆ ಮುಂದೆ ಸುಮ್ಮನೆ ಕೂತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. "ಹಿಡೀವಲ್ದು ಅಂದ್ರ ಅಗಸಿ ಹಾಕು. ಅಗಸಿ ನೆನಸಿದ್ರ ಲೋಳಿ ಬಿಡತೈತಿ, ಅದು ಹಿಡೀತೈತಿ" ಅಂದರು.

ಅಗಸಿ ಹಿಂಡಿ ಕುಟ್ಟಿ ಕುಟ್ಟಿ ಕೈ ಸವೆಸಿದವರು ಅವರು. ಅಗಸಿಯ ಗುಣ ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನಾದಿನಿಗೆ ಫೋನು ಮಾಡಿ ಹೇಳಿದರೆ ಅವಳು ನಕ್ಕಳು. ತತ್ತಿ ತಿನ್ನದವರು ಕೇಕಿಗೆ ಹಾಕುವುದೂ ಅದನ್ನೇ ಅಂತೆ. ಒಂದು ದೊಡ್ಡ ಚಮಚೆ ಅಗಸಿ ಪುಡಿಗೆ ಮೂರು ಚಮಚೆ ನೀರು, ಅದು ಒಂದು ತತ್ತಿಯ ಲೆಕ್ಕ. ಎಲ್ಲೋ ಹುಡುಕುತ್ತಿದ್ದ ವಿದ್ಯೆ ನಮ್ಮ ಮನೆಯ ಒರಳಿನಲ್ಲೇ ಇತ್ತು.

ಮೂರನೇ ಸಲ ಮಾಡಿದಾಗ ಚೆಂದಾಗಿ ಹಿಡಿದುಕೊಂಡಿತು. ಚಾಕು ಹಾಕಿದರೆ ಗಿಣ್ಣ ಕೊಯ್ದಂತೆ ಬಂತು.

ನಮ್ಮ ಮನೆಯ ಅಳತೆ

ಆರು ತುಂಡಿಗೆ ಬೇಕಾಗುವುದು: ಪದರು ಓಟ್ಸ್ 2 ಕಪ್ (ಸುಮಾರು 180 ಗ್ರಾಂ), ಕಾಸಿ ಆರಿಸಿದ ಹಾಲು 2 ಕಪ್, ಚೆನ್ನಾಗಿ ಕಳಿತ ಬಾಳೆಹಣ್ಣು 2, ಹುರಿದು ಪುಡಿ ಮಾಡಿದ ಅಗಸಿ 2 ದೊಡ್ಡ ಚಮಚೆ, ನೀರು 6 ದೊಡ್ಡ ಚಮಚೆ, ಬೆಲ್ಲದ ಪುಡಿ 2 ದೊಡ್ಡ ಚಮಚೆ, ತುಪ್ಪ 2 ದೊಡ್ಡ ಚಮಚೆ, ಒಣದ್ರಾಕ್ಷಿ ಒಂದು ಹಿಡಿ, ಬೇಕಿಂಗ್ ಪೌಡರ್ 1 ಸಣ್ಣ ಚಮಚೆ, ಯಾಲಕ್ಕಿ ಪುಡಿ, ಚಿಟಿಕೆ ಉಪ್ಪು.

ಮೊದಲು ಅಗಸಿ ಪುಡಿಯನ್ನು ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಲೋಳೆ ಕಟ್ಟುತ್ತದೆ. ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ನೆನೆಸಿಡಿ. ಬಾಳೆಹಣ್ಣು ಕಿವುಚಿ, ಅದಕ್ಕೆ ಹಾಲು, ಬೆಲ್ಲ, ತುಪ್ಪ, ಅಗಸಿ ಲೋಳೆ ಸೇರಿಸಿ. ಹಾಲು ಆರಿರಲಿ, ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯ. ಓಟ್ಸ್, ಉಪ್ಪು, ಯಾಲಕ್ಕಿ, ಬೇಕಿಂಗ್ ಪೌಡರ್ ಬೇರೆ ಕಲಸಿ ಇದಕ್ಕೆ ಹಾಕಿ. ದ್ರಾಕ್ಷಿ ಹಿಂಡಿ ಹಾಕಿ. ಮಿಶ್ರಣ ದೋಸೆ ಹಿಟ್ಟಿಗಿಂತ ತೆಳ್ಳಗೆ ಕಂಡರೆ ಹೆದರಬೇಡಿ, ಓಟ್ಸ್ ಕುಡಿದುಕೊಳ್ಳುತ್ತದೆ. ಹಲ್ಲಿಲ್ಲದವರಿಗೆ ಇನ್ನೂ ಮೆತ್ತಗೆ ಬೇಕಾದರೆ ಕಾಲು ಕಪ್ ಹಾಲು ಹೆಚ್ಚಿಗೆ ಹಾಕಿ, ಕಾಲು ತಾಸು ನೆನೆಯಲು ಬಿಡಿ.

ಓವನ್ ಇದ್ದವರು 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಇಡಿ. ನಮ್ಮಂತೆ ಇಲ್ಲದವರು ದಪ್ಪ ತಳದ ಹಳೇ ಕುಕ್ಕರು ತಗೊಳ್ಳಿ. ಸೀಟಿ, ರಬ್ಬರು ಎರಡನ್ನೂ ತೆಗೆದಿಡುವುದನ್ನು ಮರೆಯಬೇಡಿ. ತಳಕ್ಕೆ ಒಂದು ಇಂಚು ಉಪ್ಪು ಹರವಿ, ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ತುಪ್ಪ ಸವರಿದ ಡಬ್ಬಿಯಲ್ಲಿ ಮಿಶ್ರಣ ಹಾಕಿ ಒಳಗಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಬಿಡಿ. ನೀರು ಹಾಕಬಾರದು. ಚಾಕು ಚುಚ್ಚಿದಾಗ ಹಸಿ ಹಿಟ್ಟು ಹತ್ತದಿದ್ದರೆ ಆಯಿತು. ಕಾಲು ತಾಸು ಆರಿದ ಮೇಲೆ ಕೊಯ್ಯಿರಿ, ಬಿಸಿ ಇದ್ದಾಗ ಕೊಯ್ದರೆ ಮುರಿಯುತ್ತದೆ. ಆ ಉಪ್ಪನ್ನು ತೆಗೆದಿಟ್ಟರೆ ಮತ್ತೆ ಮತ್ತೆ ಇದಕ್ಕೇ ಬಳಸಬಹುದು.

ಹಣ್ಣಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಒಣದ್ರಾಕ್ಷಿ ವಿಜಯಪುರದ್ದೇ. ಚಳಿಗಾಲದಲ್ಲಿ ಬೀಜ ತೆಗೆದ ಪೇರಲ, ಬೇಸಿಗೆಯಲ್ಲಿ ಮಾವು ಹಾಕುತ್ತೇನೆ. ದಾಳಿಂಬೆ ಕಾಳನ್ನು ಬೇಯಿಸದೆ ಮೇಲೆ ಉದುರಿಸಿದರೆ ಮಕ್ಕಳಿಗೆ ಖುಷಿ, ಆದರೆ ಹಲ್ಲಿಲ್ಲದವರ ತುಂಡಿಗೆ ಬೇಡ. ಇಂಡಿ ಲಿಂಬೆಯ ಸಿಪ್ಪೆಯ ಮೇಲಿನ ಹಸಿರು ಭಾಗ ಮಾತ್ರ ಸ್ವಲ್ಪ ತುರಿದು ಹಾಕಿ, ಘಮಘಮ ಅನ್ನುತ್ತದೆ. ರಸ ಹಾಕಿದರೆ ಹಾಲು ಒಡೆದೀತು.

ಜೋಳ ಬಿಡಬೇಕಂತಲ್ಲ

ಓಟ್ಸ್ ತಿಂದರೆ ಎಲ್ಲ ರೋಗ ಹೋಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ಅದರಲ್ಲಿ ಬೀಟಾ ಗ್ಲೂಕನ್ ಅನ್ನುವ ಕರಗುವ ನಾರು ಇರುವುದು ನಿಜ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಕೊಲೆಸ್ಟರಾಲ್ ಇಳಿಸಲು ನೆರವಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲೇ ಪೊಟ್ಟಣದ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಒಪ್ಪಿಗೆ ಕೊಟ್ಟಿತು. ಆದರೆ ಅಷ್ಟು ಸಿಗಲು ಸುಮಾರು 75 ಗ್ರಾಂ ಒಣ ಓಟ್ಸ್ ಬೇಕು. ನಮ್ಮ ಒಂದು ತುಂಡಿನಲ್ಲಿ ಇರುವುದು 30 ಗ್ರಾಂ. ನಾರಿನ ಒಟ್ಟು ಲೆಕ್ಕಕ್ಕೆ ಬಂದರೆ ನಮ್ಮ ಜೋಳವೇನೂ ಹಿಂದೆ ಬಿದ್ದಿಲ್ಲ. ಅದರಲ್ಲೂ 100 ಗ್ರಾಂಗೆ ಸುಮಾರು 10 ಗ್ರಾಂ ನಾರು ಇದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ಆ ಪಂಕ್ತಿಯಲ್ಲಿ ಜೋಳವೂ ಇತ್ತು. ಓಟ್ಸ್ ಸಿಗದವರು ಜೋಳದ ಅವಲಕ್ಕಿ ಹಾಕಿ ಇದನ್ನೇ ಮಾಡಬಹುದು. ನಾನು ಅರ್ಧ ಅರ್ಧ ಹಾಕಿ ನೋಡಿದ್ದೇನೆ. ಅರ್ಧ ತಾಸು ಹೆಚ್ಚು ನೆನೆಸಬೇಕು ಅಷ್ಟೇ.

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಇದೆ. ಅವರಿಗಾಗಿ ಬೆಲ್ಲ ಬಿಡುತ್ತೇನೆ, ಬಾಳೆಹಣ್ಣು ಒಂದೇ ಹಾಕುತ್ತೇನೆ. ಹಾಗಿದ್ದರೂ ಹಣ್ಣಿನ ಸಿಹಿಯೂ ಸಿಹಿಯೇ, ಒಂದು ತುಂಡಿಗೆ ಕೈ ತೊಳೆಯಬೇಕು. ಎರಡು ನಿಮಿಷದಲ್ಲಿ ಬೇಯುವ ಪುಡಿಯಂಥ ಓಟ್ಸ್ ಬೇಡ, ಅದು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಬೇಯಿಸಿದರೆ ಅಂಟೂ ಆಗುತ್ತದೆ.

ಹೆಸರು ಬಂದ ದಿನ

ಆ ಮೂರನೇ ಸಲ ಯಾರಿಗೂ ಏನೂ ಹೇಳದೆ ಎಲ್ಲರ ತಾಟಿಗೂ ಒಂದೊಂದು ತುಂಡು ಹಾಕಿದೆ. ಅತ್ತೆಯ ತಾಟಿಗೂ ಅದೇ ಅಳತೆ. ನನ್ನ ಮಗ "ಆಯಿ, ಕೇಕ್ ಐತಿ, ತಿನ್ನು" ಅಂದ. ಅವರು ಕಟ್ಟಿದ ಹಲ್ಲು ತೆಗೆದು ಸೆರಗಿನ ಮರೆಯಲ್ಲಿ ಇಟ್ಟುಕೊಂಡರು. ನಾನು ನೋಡಿಯೂ ನೋಡದಂತೆ ಚಹಾ ಸೋಸಿದೆ. ಒಂದು ಚೂರು ಬಾಯಿಗೆ ಹಾಕಿಕೊಂಡರು, ನಾಲಿಗೆಯಿಂದ ಒತ್ತಿದರು, ನುಂಗಿದರು. ಇನ್ನೊಂದು ಚೂರು. ತುಂಡು ಮುಗಿಯಿತು.

"ಕೇಕಲ್ಲೋ ತಮ್ಮಾ, ಇದು ಗಿಣ್ಣ. ಓಟ್ಸ್ ಗಿಣ್ಣ" ಅಂದು ತಾಟು ನನ್ನ ಕಡೆ ಸರಿಸಿದರು. "ಇನ್ನೊಂದೀಟು ಹಾಕು."

ಅಂದಿನಿಂದ ವಾರಕ್ಕೆ ಮೂರು ದಿನ ನಮ್ಮಲ್ಲಿ ಇದೇ ನಾಷ್ಟಾ. ಉಳಿದ ದಿನ ಎಲ್ಲರಿಗೂ ಸುಸಲಾ ಮಾಡುತ್ತೇನೆ, ಚುರುಮುರಿಯನ್ನು ಚೆನ್ನಾಗಿ ನೆನೆಸಿ. ರಾತ್ರಿ ರೊಟ್ಟಿಯನ್ನು ಬ್ಯಾಳಿಯಲ್ಲಿ ಮುರಿದು ನೆನೆಸಿಕೊಂಡು ಉಣ್ಣುತ್ತಾರೆ. ಈಗ ನಾವೂ ಹಾಗೇ ಉಣ್ಣುವುದರಿಂದ ತಕರಾರಿಲ್ಲ. ಹಲ್ಲಿನ ಡಾಕ್ಟರರ ಹತ್ತಿರ ಮತ್ತೆ ಹೋಗಿ ಒತ್ತುವ ಜಾಗ ಉಜ್ಜಿಸಿ ಸರಿ ಮಾಡಿಸಿಕೊಂಡು ಬಂದೆವು. ಅದನ್ನು ಮೊದಲೇ ಮಾಡಬೇಕಿತ್ತು, ನಮಗೆ ತಿಳಿಯಲಿಲ್ಲ. ದೀಪಾವಳಿಗೆ ತೂಕ ನೋಡಿದಾಗ ಒಂದೂವರೆ ಕಿಲೋ ಏರಿತ್ತು. ಕಳೆದುಕೊಂಡದ್ದೆಲ್ಲ ಇನ್ನೂ ಬಂದಿಲ್ಲ.

ವಯಸ್ಸಾದವರು ಹಸಿವೆ ಇಲ್ಲ ಅಂದರೆ ನಾವು ಬೇಗ ನಂಬಿಬಿಡುತ್ತೇವೆ. ಅಗಿಯಲಾಗದು ಎಂದು ಹೇಳಿಕೊಳ್ಳಲು ಅವರಿಗೆ ಸಂಕೋಚ, ಕೇಳಲು ನಮಗೆ ಪುರುಸೊತ್ತಿಲ್ಲ. ನಿಮ್ಮ ಮನೆಯಲ್ಲೂ ಹಿರಿಯರು "ನಂದು ಆತು" ಅಂತ ಖಾಲಿ ತಾಟು ತಂದಿಟ್ಟರೆ, ಹಿತ್ತಲಿಗೊಮ್ಮೆ ಹೋಗಿ ಗ್ವಾದಲಿ ನೋಡಿ ಬರ್ರಿ.