ಚೀಟಿ ಬಿದ್ದ ಮಾತ್ರಕ್ಕೆ ಗ್ರೀನ್ ಕಾರ್ಡ್ ಬಂದಂತಲ್ಲ

ಅಮೆರಿಕದ ವೀಸಾ ಲಾಟರಿ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಎಚ್‌-1ಬಿ. ಅದು ಕೆಲಸದ ವೀಸಾ. ಅರ್ಜಿ ಹಾಕುವುದು ಕಂಪನಿ, ಅದರ ಅವಧಿಗೂ ಮಿತಿಯಿದೆ. ಇದಲ್ಲದೆ ಇನ್ನೊಂದು ಲಾಟರಿ ಇದೆ. ಅದಕ್ಕೆ ಕಂಪನಿಯ ಪತ್ರ ಬೇಡ, ಅಲ್ಲಿ ನೆಲೆಸಿದ ಬಂಧುಗಳ ಆಸರೆಯೂ ಬೇಡ. ಹೆಸರು ಬಂದು ಮುಂದಿನ ಹಂತಗಳನ್ನೆಲ್ಲ ದಾಟಿದರೆ ಕೈಗೆ ಬರುವುದು ಕಾಯಂ ವಾಸದ ಹಕ್ಕು, ಅಂದರೆ ಗ್ರೀನ್ ಕಾರ್ಡ್. ಇದರ ಹೆಸರು ಡೈವರ್ಸಿಟಿ ವೀಸಾ. ನೇಪಾಳದಲ್ಲಿ ‘ಡಿವಿ’ ಎಂದರೆ ಸಾಕು, ಎಲ್ಲರಿಗೂ ಗೊತ್ತು.

1990ರ ವಲಸೆ ಕಾಯ್ದೆಯಲ್ಲಿ ಇದರ ಬೇರು ಇದೆ. 1980ರ ದಶಕದಲ್ಲಿ ಕಾಗದಪತ್ರವಿಲ್ಲದೆ ಅಮೆರಿಕದಲ್ಲಿ ಉಳಿದಿದ್ದ ಐರಿಷ್ ಜನರಿಗೆ ದಾರಿ ಮಾಡಿಕೊಡಬೇಕೆಂಬ ಒತ್ತಾಯ ಈ ಕಾಯ್ದೆಯ ಹಿಂದೆ ಕೆಲಸ ಮಾಡಿತ್ತು. ಈಗಿನ ರೂಪದ ಲಾಟರಿ 1995ರ ಹಣಕಾಸು ವರ್ಷದಿಂದ ನಡೆದುಬಂದಿದೆ. ಅಮೆರಿಕಕ್ಕೆ ಕಡಿಮೆ ಜನ ವಲಸೆ ಹೋಗುವ ದೇಶಗಳಿಗೂ ಬಾಗಿಲು ತೆರೆಯುವುದು ಇದರ ಉದ್ದೇಶ. ವರ್ಷಕ್ಕೆ ಗರಿಷ್ಠ 55,000 ವೀಸಾ, ಯಾವ ದೇಶಕ್ಕೂ ಅದರಲ್ಲಿ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲ.

ಭಾರತ ಏಕಿಲ್ಲ?

ಹಿಂದಿನ ಐದು ವರ್ಷಗಳಲ್ಲಿ ಕುಟುಂಬ ಮತ್ತು ಉದ್ಯೋಗದ ವರ್ಗಗಳಲ್ಲಿ 50,000ಕ್ಕಿಂತ ಹೆಚ್ಚು ಜನ ವಲಸೆ ಹೋದ ದೇಶ ಪಟ್ಟಿಯಿಂದ ಹೊರಗೆ. ಭಾರತ, ಚೀನಾ, ಮೆಕ್ಸಿಕೊ, ಫಿಲಿಪೀನ್ಸ್ ಹೀಗೆ ಹೊರಗುಳಿದಿವೆ. ನೇಪಾಳ, ಶ್ರೀಲಂಕಾ ಒಳಗಿವೆ.

ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದಲ್ಲ, ಹುಟ್ಟಿದ್ದು ಎಲ್ಲಿ ಎಂಬುದು. ಕರಾವಳಿಯ ಎಷ್ಟೋ ಕುಟುಂಬಗಳಿಗೆ ಈ ಒಂದು ಸಾಲು ಮುಖ್ಯ. ಅಪ್ಪ ಅಮ್ಮ ಉಡುಪಿಯವರು, ಮಗಳು ಹುಟ್ಟಿದ್ದು ಕುವೈತ್‌ನಲ್ಲಿ ಎಂದಿಟ್ಟುಕೊಳ್ಳಿ. ಅವಳಿಗೆ ಅಲ್ಲಿನ ಪೌರತ್ವ ಇಲ್ಲದಿರಬಹುದು, ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ ಇರಬಹುದು. ಆದರೂ ಡಿವಿಯ ಲೆಕ್ಕದಲ್ಲಿ ಅವಳು ಕುವೈತ್‌ನವಳು. ಅದೇ ರೀತಿ, ಕುವೈತ್‌ನಲ್ಲಿ ಬೆಳೆದರೂ ಹೆರಿಗೆಗೆಂದು ಅಮ್ಮ ಊರಿಗೆ ಬಂದಾಗ ಹುಟ್ಟಿದ ತಮ್ಮನಿಗೆ ಆ ಅವಕಾಶವಿಲ್ಲ. ಇನ್ನೊಂದು ದಾರಿಯೂ ಇದೆ. ಗಂಡ ಅಥವಾ ಹೆಂಡತಿ ಅರ್ಹ ದೇಶದಲ್ಲಿ ಹುಟ್ಟಿದ್ದರೆ ಅವರ ಜನ್ಮಸ್ಥಳವನ್ನು ಆಧಾರವಾಗಿ ತೋರಿಸಬಹುದು. ಆಗ ಇಬ್ಬರಿಗೂ ವೀಸಾ ಸಿಗಬೇಕು, ಇಬ್ಬರೂ ಒಟ್ಟಿಗೇ ಅಮೆರಿಕ ಪ್ರವೇಶಿಸಬೇಕು. ಅರ್ಹ ದೇಶಗಳ ಪಟ್ಟಿ ಪ್ರತಿ ವರ್ಷ ಹೊಸದಾಗಿ ಪ್ರಕಟವಾಗುವುದರಿಂದ ಹಳೆಯ ಪಟ್ಟಿಯನ್ನು ನಂಬಬಾರದು.

ಹುಟ್ಟಿದ ದೇಶದ ಜೊತೆಗೆ ಓದಿನ ಷರತ್ತೂ ಇದೆ. ಹನ್ನೆರಡು ವರ್ಷದ ಶಾಲಾ ಶಿಕ್ಷಣ, ಅಂದರೆ ನಮ್ಮ ಪಿಯುಸಿ ಮಟ್ಟ ಮುಗಿದಿರಬೇಕು. ಅದಿಲ್ಲದಿದ್ದರೆ, ಕನಿಷ್ಠ ಎರಡು ವರ್ಷದ ತರಬೇತಿ ಅಥವಾ ಅನುಭವ ಬೇಡುವ ಕಸುಬಿನಲ್ಲಿ ಕಳೆದ ಐದು ವರ್ಷಗಳೊಳಗೆ ಎರಡು ವರ್ಷ ದುಡಿದಿರಬೇಕು.

ಅರ್ಜಿಯಲ್ಲೇ ಮುಗ್ಗರಿಸುವವರು

ವಾಡಿಕೆಯಂತೆ ಅಕ್ಟೋಬರ್ ಆರಂಭದಿಂದ ನವೆಂಬರ್ ಮೊದಲ ವಾರದವರೆಗೆ, ಸುಮಾರು ಒಂದು ತಿಂಗಳು, ಅಮೆರಿಕ ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ಅರ್ಜಿ ಸ್ವೀಕರಿಸಲಾಗುತ್ತಿತ್ತು. ಬಹುಕಾಲ ಅದು ಪೂರ್ತಿ ಉಚಿತವಾಗಿತ್ತು. 2025ರಲ್ಲಿ 1 ಡಾಲರ್ ನೋಂದಣಿ ಶುಲ್ಕದ ನಿಯಮ ಬಂತು.

ಅರ್ಜಿ ಚಿಕ್ಕದು, ತಪ್ಪಿಗೆ ಕ್ಷಮೆ ಮಾತ್ರ ಇಲ್ಲ. ಒಬ್ಬರಿಗೆ ಒಂದೇ ಅರ್ಜಿ. ಎರಡು ಹಾಕಿದರೆ ಎರಡೂ ರದ್ದು. ಗಂಡ ಹೆಂಡತಿ ಇಬ್ಬರೂ ಅರ್ಹರಾಗಿದ್ದರೆ ಬೇರೆ ಬೇರೆಯಾಗಿ ಒಂದೊಂದು ಹಾಕಬಹುದು. ಯಾರ ಹೆಸರು ಬಂದರೂ ಇನ್ನೊಬ್ಬರು ಜೊತೆಗೆ ಹೋಗಬಹುದು. ಸಂಗಾತಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳ ಹೆಸರನ್ನು, ಅವರು ಜೊತೆಗೆ ಬರದಿದ್ದರೂ, ಬರೆಯಲೇಬೇಕು. ಬಿಟ್ಟರೆ ಸಂದರ್ಶನದ ದಿನ ಇಡೀ ಅರ್ಜಿಯೇ ಬಿದ್ದುಹೋಗುತ್ತದೆ. ಫೋಟೊ ಆರು ತಿಂಗಳೊಳಗಿನದಾಗಿರಬೇಕು, ಚೌಕಾಕಾರವಾಗಿರಬೇಕು, 240 ಕೆಬಿ ಮೀರಬಾರದು, ಕನ್ನಡಕ ಹಾಕಿರಬಾರದು. ಕಳೆದ ವರ್ಷದ ಫೋಟೊವನ್ನೇ ಮತ್ತೆ ಹಾಕಿ ಅನರ್ಹರಾದವರುಂಟು.

ಕೊನೆಯಲ್ಲಿ ಒಂದು ದೃಢೀಕರಣ ಸಂಖ್ಯೆ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಅಂಗಡಿಯವರು ಅರ್ಜಿ ತುಂಬಿಕೊಟ್ಟರೆ ಆ ಹಾಳೆ ಅವರ ಬಳಿ ಉಳಿಯಬಾರದು. ಸಂಖ್ಯೆ ಹಿಡಿದಿಟ್ಟುಕೊಂಡು, ಹೆಸರು ಬಂದ ಮೇಲೆ ಹಣ ಕೀಳುವುದು ಈ ವ್ಯವಹಾರದ ಹಳೆಯ ಮೋಸ.

ಮೊದಲ ದಿನವೇ ಹಾಕಿದರೆ ಅನುಕೂಲವೇ? ಇಲ್ಲ. ಆಯ್ಕೆ ಕಂಪ್ಯೂಟರ್ ಎತ್ತುವ ಚೀಟಿಯಂತೆ. 2011ರಲ್ಲಿ ತಂತ್ರಾಂಶದ ದೋಷದಿಂದ ಆಯ್ಕೆಯಾದವರಲ್ಲಿ ಬಹುತೇಕರು ಮೊದಲ ಎರಡು ದಿನಗಳಲ್ಲಿ ಅರ್ಜಿ ಹಾಕಿದವರೇ ಆಗಿಬಿಟ್ಟಿದ್ದರು. ಸುಮಾರು 22,000 ಜನರಿಗೆ ‘ಆಯ್ಕೆಯಾಗಿದ್ದೀರಿ’ ಎಂದು ತಿಳಿಸಿದ ಮೇಲೆ ಆ ಫಲಿತಾಂಶವನ್ನೇ ರದ್ದು ಮಾಡಿ ಮತ್ತೆ ಚೀಟಿ ಎತ್ತಬೇಕಾಯಿತು.

ಹೆಸರು ಬಂದ ಮೇಲೆ

ಫಲಿತಾಂಶ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ದೃಢೀಕರಣ ಸಂಖ್ಯೆ ಕೊಟ್ಟು ಅದೇ ಜಾಲತಾಣದಲ್ಲಿ ನಾವೇ ನೋಡಿಕೊಳ್ಳಬೇಕು. ‘ಗೆದ್ದಿದ್ದೀರಿ, ಹಣ ಕಳಿಸಿ’ ಎಂದು ಅಮೆರಿಕ ಸರ್ಕಾರ ಇಮೇಲ್ ಬರೆಯುವುದಿಲ್ಲ.

ಗೊಂದಲ ಹೆಚ್ಚಿರುವುದು ಇಲ್ಲಿಂದ ಮುಂದೆ. 2025ರ ಡಿವಿಗೆ ಬಂದದ್ದು ಸುಮಾರು 2 ಕೋಟಿ ಅರ್ಜಿ, ಕುಟುಂಬದವರನ್ನೂ ಸೇರಿಸಿ ಆಯ್ಕೆಯಾದವರು ಸುಮಾರು 1 ಲಕ್ಷ 31 ಸಾವಿರ. ವೀಸಾ ಇರುವುದು ಅದರ ಅರ್ಧಕ್ಕಿಂತ ಕಡಿಮೆ. ಎಲ್ಲರೂ ಕೊನೆಯವರೆಗೆ ಬರುವುದಿಲ್ಲ ಎಂಬ ಅಂದಾಜಿನ ಮೇಲೆ ಹೆಚ್ಚು ಜನರನ್ನು ಆರಿಸುತ್ತಾರೆ. ಹೀಗಾಗಿ ಲಾಟರಿ ಕೊಡುವುದು ಸರತಿಯಲ್ಲೊಂದು ಸ್ಥಾನವನ್ನು ಮಾತ್ರ. ಪ್ರತಿಯೊಬ್ಬರಿಗೂ ಒಂದು ಕೇಸ್ ನಂಬರ್ ಇರುತ್ತದೆ. ಈ ತಿಂಗಳು ಯಾವ ಸಂಖ್ಯೆಯವರೆಗೆ ಸರದಿ ಬಂದಿದೆ ಎಂಬುದನ್ನು ವಿದೇಶಾಂಗ ಇಲಾಖೆಯ ಮಾಸಿಕ ‘ವೀಸಾ ಬುಲೆಟಿನ್’ ಹೇಳುತ್ತದೆ.

ಸರದಿ ಕಾಯುತ್ತಲೇ ಡಿಎಸ್‌-260 ಎಂಬ ಆನ್‌ಲೈನ್ ಅರ್ಜಿ ತುಂಬಬೇಕು. ಜನನ ಪ್ರಮಾಣಪತ್ರ, ಅಂಕಪಟ್ಟಿ, ವಾಸಿಸಿದ ದೇಶಗಳ ಪೊಲೀಸ್ ಪ್ರಮಾಣಪತ್ರ, ಮದುವೆಯ ದಾಖಲೆ ಜೋಡಿಸಿಕೊಳ್ಳಬೇಕು. ಗೊತ್ತುಪಡಿಸಿದ ವೈದ್ಯರಲ್ಲಿ ಆರೋಗ್ಯ ತಪಾಸಣೆ, ಆಮೇಲೆ ಕಾನ್ಸುಲೇಟ್‌ನಲ್ಲಿ ಸಂದರ್ಶನ. ವೀಸಾ ಶುಲ್ಕ ತಲೆಗೆ 330 ಡಾಲರ್, ವೀಸಾ ಸಿಗದಿದ್ದರೂ ಅದು ಮರಳುವುದಿಲ್ಲ. ಮೊದಲೇ ಬೇರೆ ವೀಸಾದಲ್ಲಿ ಅಮೆರಿಕದಲ್ಲಿರುವವರು ಅಲ್ಲಿಯೇ ತಮ್ಮ ಸ್ಥಾನಮಾನ ಬದಲಾವಣೆಗೆ ಅರ್ಜಿ ಹಾಕಬಹುದು.

ಇವೆಲ್ಲಕ್ಕೂ ಗಡುವು ಸೆಪ್ಟೆಂಬರ್ 30. ಅಮೆರಿಕದ ಹಣಕಾಸು ವರ್ಷ ಅಂದು ಮುಗಿಯುತ್ತದೆ. ಕಡತ ಮೇಜಿನ ಮೇಲೇ ಇದ್ದರೂ ಮರುದಿನ ಅದಕ್ಕೆ ಬೆಲೆಯಿಲ್ಲ. ಈ ವರ್ಷದ ಆಯ್ಕೆ ಮುಂದಿನ ವರ್ಷಕ್ಕೆ ಉರುಳಿ ಹೋಗುವುದಿಲ್ಲ.

ಸರ್ಕಾರದ ಮನಸ್ಸು ಬದಲಾದರೂ ಬಾಗಿಲು ಮುಚ್ಚಬಹುದು. 2020ರಲ್ಲಿ ಕೋವಿಡ್ ಕಾಲದ ಅಧ್ಯಕ್ಷೀಯ ಆದೇಶ ಈ ವೀಸಾಗಳನ್ನೂ ತಡೆದಿತ್ತು. 2025ರ ಡಿಸೆಂಬರ್‌ನಲ್ಲಿ ಕಾರ್ಯಕ್ರಮವನ್ನು ತಡೆಹಿಡಿಯುವುದಾಗಿ ಅಮೆರಿಕ ಸರ್ಕಾರ ಮತ್ತೆ ಪ್ರಕಟಿಸಿತು. ಹಾಗಾಗಿ ಒಂದು ರೂಪಾಯಿ ಖರ್ಚು ಮಾಡುವ ಮೊದಲು ವಿಳಾಸದ ಕೊನೆಗೆ ‘ಡಾಟ್ ಗವ್’ ಇರುವ ಅಧಿಕೃತ ತಾಣದಲ್ಲಿ ಅಂದಿನ ಸ್ಥಿತಿ ಓದಿಕೊಳ್ಳಿ. ಕೆಲಸ ಬಿಡುವುದು, ಮನೆ ಮಾರುವುದು ವೀಸಾ ಕೈಗೆ ಬಂದ ಮೇಲಿರಲಿ.

ಅದಕ್ಕೂ ಮೊದಲು ಜನನ ಪ್ರಮಾಣಪತ್ರ ತೆಗೆದು ನೋಡಿ. ನೀವೂ ನಿಮ್ಮ ಸಂಗಾತಿಯೂ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಹುಟ್ಟಿದವರಾಗಿದ್ದು, ಯಾರಾದರೂ ‘ಡಿವಿ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ’ ಎಂದರೆ, ಅವರು ಮಾರುತ್ತಿರುವುದು ತಮ್ಮ ಬಳಿ ಇಲ್ಲದ ಸರಕನ್ನು.