ಹರಳು ಬೆಳೆಸಿದ ಕಂಪನಿ, ಕೊಂಡು ಬೆಳೆದ ಕಂಪನಿ

ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರಾನ್ ತರಂಗವನ್ನು ಮಾಮೂಲಿ ಗಾಜು ಹೀರಿಕೊಂಡುಬಿಡುತ್ತದೆ. ಜಿಂಕ್ ಸೆಲೆನೈಡ್ ಅದಕ್ಕೆ ದಾರಿ ಬಿಡುತ್ತದೆ. 1971ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾರ್ಲ್ ಜಾನ್ಸನ್ ಮತ್ತು ಜತೆಗಾರರು ಕಟ್ಟಿದ ‘ಟೂ-ಸಿಕ್ಸ್’ ಕಂಪನಿ ಬೆಳೆದದ್ದು ಇಂಥ ಹರಳುಗಳನ್ನು ನಂಬಿ. ಲೋಹದ ತಗಡು ಕತ್ತರಿಸುವ ಲೇಸರ್ ಯಂತ್ರದಲ್ಲಿ ಈ ಹರಳಿನ ಮಸೂರ ಕಾವಿಗೂ ಸಿಡಿಯುವ ಲೋಹಕ್ಕೂ ಸಿಕ್ಕಿ ಹಾಳಾಗುತ್ತದೆ, ಬದಲಿಸಲೇಬೇಕು. ಹೊಸ ಯಂತ್ರಗಳ ಮಾರಾಟ ಕುಸಿದ ವರ್ಷವೂ ಹಳೆಯ ಯಂತ್ರಗಳು ಮಸೂರ ಕೇಳುತ್ತಲೇ ಇರುತ್ತವೆ. 1987ರಲ್ಲಿ ಷೇರುಪೇಟೆಗೆ ಬಂದ ಕಂಪನಿಗೆ ಇದಕ್ಕಿಂತ ಗಟ್ಟಿಯಾದ ನೆಲೆ ಬೇಕಿರಲಿಲ್ಲ.

ಆದರೆ ಆ ನೆಲೆ ಒಂದು ತರಂಗಕ್ಕೆ ಕಟ್ಟುಬಿದ್ದದ್ದು. ಫೈಬರ್ ಲೇಸರಿನ ಬೆಳಕು ಸುಮಾರು 1 ಮೈಕ್ರಾನಿನದು, ಗಾಜಿನ ಎಳೆಯಲ್ಲೇ ಹರಿದುಬರುತ್ತದೆ. ತಗಡು ಕತ್ತರಿಸುವ ಕೆಲಸವನ್ನು ಅದು ಕಸಿದುಕೊಳ್ಳುತ್ತ ಹೋದಂತೆ ಜಿಂಕ್ ಸೆಲೆನೈಡಿನ ಹಂಗೂ ಕಡಿಮೆಯಾಯಿತು. ಹರಳಿನ ವಿದ್ಯೆ ಕದಿಯಲಾಗದ್ದು ಎಂದು ನೆಚ್ಚಿ ಷೇರು ಕೊಳ್ಳುವವರು ಮರೆಯುವುದು ಇದನ್ನೇ: ವಿದ್ಯೆಯನ್ನು ಯಾರೂ ಕದಿಯಬೇಕಿಲ್ಲ, ಅದರ ಅಗತ್ಯ ತಪ್ಪಿದರೆ ಸಾಕು. ಮುಂದಿನ ಖರೀದಿಗಳನ್ನು ನಾನು ಈ ಬೆಳಕಿನಲ್ಲೇ ಓದುತ್ತೇನೆ. 2019ರಲ್ಲಿ ಸುಮಾರು 320 ಕೋಟಿ ಡಾಲರಿಗೆ, ಫೈಬರ್ ಸಂಪರ್ಕದ ಬಿಡಿಭಾಗ ಮಾಡುವ ಫಿನಿಸಾರ್ ಕೈಸೇರಿತು. ಪ್ರತಿಸ್ಪರ್ಧಿ ಕಂಪನಿ ಲುಮೆಂಟಮ್ 2021ರಲ್ಲಿ ಸುಮಾರು 570 ಕೋಟಿಗೆ ಕುದುರಿಸಿಕೊಂಡಿದ್ದ ಲೇಸರ್ ಕಂಪನಿ ಕೊಹೆರೆಂಟ್, ಪೈಪೋಟಿ ಏರಿ 2022ರಲ್ಲಿ ಸುಮಾರು 700 ಕೋಟಿಗೆ ಟೂ-ಸಿಕ್ಸ್ ಪಾಲಾಯಿತು. ಕೊಂಡವರು ಕೊಂಡದ್ದರ ಹೆಸರನ್ನೇ ಇಟ್ಟುಕೊಂಡರು! ಹಣಕ್ಕಾಗಿ ಭಾರೀ ಸಾಲ, ಜೊತೆಗೆ ಹೂಡಿಕೆ ಸಂಸ್ಥೆ ಬೇನ್ ಕ್ಯಾಪಿಟಲ್‌ಗೆ ಆದ್ಯತಾ ಷೇರು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ 25 ಕೋಟಿ ಡಾಲರಿಗೂ ಮಿಕ್ಕಿದ ನಷ್ಟ.

ಕೊಳ್ಳದಿದ್ದರೆ ಕಂಪನಿ ಮೂಲೆಗುಂಪಾಗುತ್ತಿತ್ತು ಎಂಬ ಆಕ್ಷೇಪ ನ್ಯಾಯವೇ. ಡೇಟಾ ಸೆಂಟರುಗಳಲ್ಲಿ ಬೆಳಕಿನ ಮೂಲಕ ಮಾಹಿತಿ ಸಾಗಿಸಲು ಬೇಕಾದ ಟ್ರಾನ್ಸೀವರುಗಳು ಫಿನಿಸಾರ್‌ನಿಂದ ಬಂದ ಆಸ್ತಿ. 2023ರಲ್ಲಿ 30 ಡಾಲರಿಗಿಂತ ಕೆಳಗಿಳಿದಿದ್ದ ಷೇರು 2024ರಲ್ಲಿ 100 ದಾಟಿದ್ದರ ಹಿಂದೆ ಕೃತಕ ಬುದ್ಧಿಮತ್ತೆಯಿಂದಾಗಿ ಈ ಟ್ರಾನ್ಸೀವರುಗಳಿಗೆ ಬಂದ ಬೇಡಿಕೆ ಇದೆ. ಹಾಗೆಂದು ಅದು ಕೊಹೆರೆಂಟ್‌ನ 700 ಕೋಟಿಯ ಖರೀದಿಯನ್ನೂ ಸಮರ್ಥಿಸುವುದಿಲ್ಲ. ಎರಡು ಖರೀದಿಗಳ ಲೆಕ್ಕವೂ ಬೇರೆ ಬೇರೆ. ಕಂಪನಿ ದೊಡ್ಡದಾಗುವುದೂ ಷೇರುದಾರನ ಪಾಲು ದೊಡ್ಡದಾಗುವುದೂ ಒಂದೇ ಅಲ್ಲ. ನಡುವೆ ಬಡ್ಡಿಯಿದೆ, ಹೊಸ ಷೇರುಗಳಿವೆ. ಸಾವಿರಾರು ಕಾರ್ಖಾನೆಗಳು ಬಿಡಿಬಿಡಿಯಾಗಿ ಮಸೂರ ಕೊಳ್ಳುತ್ತಿದ್ದ ವ್ಯಾಪಾರಕ್ಕೂ, ಬೆರಳೆಣಿಕೆಯ ದೈತ್ಯರು ಟ್ರಾನ್ಸೀವರಿನ ಬೆಲೆ ಜಗ್ಗುವ, ಚೀನಾದ ಇನ್ನೋಲೈಟ್ ಎದುರು ನಿಂತಿರುವ ವ್ಯಾಪಾರಕ್ಕೂ ಒಂದೇ ಬೆಲೆ ಕಟ್ಟಲಾಗದು. ಇಂದು ಈ ಷೇರು ಕೊಳ್ಳುವವರು ಮುಖ್ಯವಾಗಿ ಎರಡನೆಯದಕ್ಕೆ ದುಡ್ಡು ಕೊಡುತ್ತಿದ್ದಾರೆ.